ಹಾಲ್ದೋರ್ ಹೇಳಿದ ದೂರ

ಅಪ್ಪ ಹಾಲ್ದೋರ್ ಅದೇ ಸಂಜೆ ಕೇಕು ತಂದದ್ದು ಸುನ್ನಿವಾಳಿಗೆ ಸರಿ ಕಾಣಲಿಲ್ಲ.

ಅವರ ಬೇಟೆ ತಂಡದಲ್ಲಿ ಗುರಿ ತಪ್ಪಿದವರು ಎಲ್ಲರಿಗೂ ಕೆನೆ ಕೇಕು ತಿನ್ನಿಸಬೇಕು. ಅಜ್ಜನ ಕಾಲದಿಂದ ನಡೆದುಬಂದ ದಂಡ ಅದು. ದಂಡವಾದ್ದರಿಂದಲೇ ಯಾರೂ ಅದನ್ನು ಸುಲಭಕ್ಕೆ ತೆರುತ್ತಿರಲಿಲ್ಲ. ಗಾಳಿ ತಿರುಗಿತು, ಕೊಂಬೆ ಅಡ್ಡ ಬಂತು, ಬಂದೂಕಿನ ದುರ್ಬೀನಿನ ತಿರುಪು ಸಡಿಲವಾಗಿತ್ತು ಎಂದು ಬೇಟೆ ಮುಗಿಯುವ ತನಕ ವಾದ ನಡೆಯುತ್ತಿತ್ತು. ಹನ್ನೊಂದು ವರ್ಷದ ಹಿಂದೆ ತಪ್ಪಿದ ಒಂದು ಗುಂಡಿಗೆ ಹಾಲ್ದೋರ್ ಇನ್ನೂ ಕೇಕು ತಂದಿರಲಿಲ್ಲ. ಅಂಥವನು ಈ ಶನಿವಾರ ಮಧ್ಯಾಹ್ನ ಮೂರೂವರೆಗೆ ಗುಂಡು ಹಾರಿಸಿ, ಐದೂವರೆಗೆಲ್ಲ ಪೇಟೆಯ ಅಂಗಡಿಯ ಡಬ್ಬಿ ಹಿಡಿದು ಮಾಂಸ ಕಡಿಯುವ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ.

"ನೋಡ್ರಪ್ಪಾ ಇಲ್ಲಿ," ಎಂದ ಮರದ ಕಾರ್ಖಾನೆಯ ಗೌತೆ, ಚಾಕು ಒರೆಸಿಕೊಳ್ಳುತ್ತಾ. "ಹಾಲ್ದೋರ್ ಕೈಯಲ್ಲಿ ಕೇಕು. ಯಾರಾದ್ರೂ ಫೋಟೋ ತೆಗೀರಿ, ನಾಳೆ ಹೇಳಿದ್ರೆ ಯಾರೂ ನಂಬಲ್ಲ."

"ತಿಂದು ಬಾಯಿ ಮುಚ್ಚು."

"ಬಾಯಿ ಮುಚ್ಕೊಂಡು ತಿನ್ನೋದು ಹೆಂಗೆ ಅನ್ನೋದನ್ನೂ ಹೇಳ್ಕೊಟ್ಟುಬಿಡು."

ಎಲ್ಲರೂ ನಕ್ಕರು. ಹಾಲ್ದೋರನೂ ನಕ್ಕ. ಆ ನಗು ಉಳಿದವರದ್ದಕ್ಕಿಂತ ಒಂದು ಗಳಿಗೆ ಮುಂಚೆ ಶುರುವಾಯಿತು ಎಂದು ಸುನ್ನಿವಾಳಿಗೆ ಅನಿಸಿತು. ಇಂಥದ್ದನ್ನೆಲ್ಲ ಗಮನಿಸುವುದು ಅವಳ ಚಾಳಿ. ಮದುವೆಯಾಗಿದ್ದಾಗ ಗಂಡ ಇದನ್ನೇ ದೂರುತ್ತಿದ್ದ. ಶಾಲೆಯಲ್ಲಿ ಅವಳ ಕೈಕೆಳಗೆ ಓದುವ ಮಕ್ಕಳೂ ದೂರುತ್ತಿದ್ದರು. ಯಾರಾದರೂ ಕಪ್ಪು ಕೆಳಗಿಟ್ಟ ಸದ್ದು ಬದಲಾದರೆ ಅವಳಿಗೆ ಕೇಳಿಸುತ್ತಿತ್ತು.

ಶೆಡ್ಡಿನ ಗೋಡೆಯ ಮೇಲೆ ಕಾಗದದ ತಟ್ಟೆಗಳು ಸಾಲಾಗಿ ಮೊಳೆ ಹೊಡೆಸಿಕೊಂಡು ನಿಂತಿದ್ದವು. ಮೂಸ್ ಎಂಬ ಭಾರಿ ಜಿಂಕೆಯ ಬೇಟೆಗೆ ಹೋಗುವ ಎಲ್ಲರೂ ವರ್ಷಕ್ಕೊಮ್ಮೆ ಸರ್ಕಾರದ ಗುರಿ ಪರೀಕ್ಷೆ ಪಾಸಾಗಬೇಕು, ಅದು ನಾರ್ವೆಯ ಕಾನೂನು. ಈ ತಂಡಕ್ಕೆ ಅಷ್ಟು ಸಾಲದು. ಬೇಟೆ ಶುರುವಾಗುವ ಹಿಂದಿನ ಭಾನುವಾರ ಪ್ರತಿಯೊಬ್ಬರೂ ಶೆಡ್ಡಿನ ಹಿಂದಿನ ದಿಬ್ಬ ಓಡಿ ಹತ್ತಿ, ಏದುಸಿರು ಬಿಡುತ್ತಲೇ ನಿಂತು, ಐದು ಗುಂಡು ಹೊಡೆಯಬೇಕು. ಐದಕ್ಕೆ ಐದೂ ತಟ್ಟೆಗೆ ಬಿದ್ದರೆ ತಟ್ಟೆಯನ್ನು ಹತ್ತು ಮೀಟರ್ ಹಿಂದಕ್ಕೆ ಒಯ್ಯುತ್ತಾರೆ. ಎಲ್ಲಿ ಒಂದು ತಪ್ಪುತ್ತದೋ ಅದರ ಹಿಂದಿನ ಅಂಕಿ ಆ ವರ್ಷಕ್ಕೆ ಅವರ ದೂರ. ಅದನ್ನು ತಟ್ಟೆಯ ಮೇಲೆ ಬರೆದು, ಹೆಸರು ಹಾಕಿ, ಗೋಡೆಗೆ ಹೊಡೆಯುತ್ತಾರೆ. ಮೂಸ್‌ನ ಎದೆಯೊಳಗೆ ಪ್ರಾಣವಿರುವ ಜಾಗ ತಟ್ಟೆಗಿಂತ ಸ್ವಲ್ಪ ದೊಡ್ಡದು. ಆ ಸ್ವಲ್ಪವನ್ನು ನಡುಗುವ ಕೈಗಾಗಿ ಬಿಟ್ಟಿದ್ದಾರೆ.

ಸುನ್ನಿವಾಳ ತಟ್ಟೆ ಮೇಲೆ ಎಪ್ಪತ್ತು ಎಂದಿತ್ತು. ಅವಳಿಗೆ ಅದರ ಬಗ್ಗೆ ಬೇಜಾರಿಲ್ಲ; ಅವಳು ತನ್ನ ನಾಯಿ ಬಿರ್ಕಾಳನ್ನು ನಡೆಸುವವಳು, ಗಾಯಗೊಂಡ ಪ್ರಾಣಿಯ ಜಾಡು ಹಿಡಿಯುವವಳು. ಅಪ್ಪನ ತಟ್ಟೆ ಮೇಲೆ ಎಂಬತ್ತು. ಅದು ಮೂವತ್ತು ವರ್ಷ ನೂರೈವತ್ತು ಇತ್ತು. ಹೋದ ವರ್ಷ ನೂರಿಪ್ಪತ್ತಕ್ಕೆ ಇಳಿದಾಗ ಅಪ್ಪ ಹೊಸ ಕನ್ನಡಕ ಕೊಂಡಿದ್ದ. ಈ ವರ್ಷ ಏನನ್ನೂ ಕೊಳ್ಳಲಿಲ್ಲ.

ತನ್ನ ಅಂಕಿ ಮೀರಿದ ದೂರಕ್ಕೆ ಹೊಡೆದವನು ಬಂದೂಕು ಒಪ್ಪಿಸಬೇಕು, ಆ ಬೇಟೆಯೂ ಮುಂದಿನ ವರ್ಷದ ಬೇಟೆಯೂ ಬರಿಗೈಯಲ್ಲಿ ಕಾಡು ಸುತ್ತಿ ಪ್ರಾಣಿಗಳನ್ನು ಎಬ್ಬಿಸುವವರ ಜೊತೆ ನಡೆಯಬೇಕು. ಹುಡುಗರಿಗೆ ಅದು ಒಂದು ವರ್ಷದ ಮಾತು. ಹಾಲ್ದೋರ್‌ಗೆ ಎಪ್ಪತ್ತಾರು. ಬಂದೂಕು ಒಮ್ಮೆ ಕೊಟ್ಟರೆ ಮತ್ತೆ ಅದನ್ನು ಕೈಗೆತ್ತಿಕೊಳ್ಳುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ತಂಡಕ್ಕೂ ಗೊತ್ತಿತ್ತು.

"ಎಂಬತ್ತು ಮೀಟರ್," ಎಂದು ಅಪ್ಪ ಹೇಳುತ್ತಿದ್ದ. "ಒಣಗಿದ ಬರ್ಚ್ ಮರದ ಪಕ್ಕ. ಕೊಂಬೆ ತಾಗಿರ್ಬೇಕು."

ಅದನ್ನೇ ಮೂರನೆಯ ಸಲ ಹೇಳಿದ. ಮೂರು ಸಲವೂ ಅದೇ ಮಾತು, ಅದೇ ಕ್ರಮ. ಬೇಟೆಯ ಕಥೆಯನ್ನು ಸಲಸಲಕ್ಕೂ ಬೆಳೆಸಿ ಹೇಳುವ ಅಪ್ಪನ ಬಾಯಲ್ಲಿ ಈ ಗುಂಡು ಒಂದಿಂಚೂ ಬೆಳೆದಿರಲಿಲ್ಲ. ಅವನ ತಟ್ಟೆಯಲ್ಲಿ ಕೇಕಿನ ತುಂಡು ಹಾಗೇ ಇತ್ತು.

ಸುನ್ನಿವಾ ತಂಡದ ನಾಯಕ ಸ್ವೆರ್ರೆಯ ಹತ್ತಿರ ಹೋದಳು. ಅವನು ಬೇಟೆಯಾಡಿ ತೂಗುಹಾಕಿದ್ದ ಮೂಸ್ ಮರಿಯ ಹೊಟ್ಟೆಯೊಳಗೆ ದೀಪ ಬಿಟ್ಟು ನೋಡುತ್ತಿದ್ದ.

"ಗುಂಡು ಬಿದ್ದ ಜಾಗ ಹುಡುಕಿದ್ರಾ?"

"ಹುಡುಕ್ದೆ, ಇಪ್ಪತ್ತು ನಿಮಿಷ. ನಾನೂ ಗೌತೆಯೂ. ಬರ್ಚ್ ಮರದ ಸುತ್ತ ಒಂದು ಕೂದ್ಲೂ ಇಲ್ಲ, ಒಂದು ಹನಿ ರಕ್ತಾನೂ ಇಲ್ಲ."

"ಬೆಳಿಗ್ಗೆ ಬಿರ್ಕಾನ ಕರ್ಕೊಂಡು ಒಂದ್ಸಲ ನೋಡಿ ಬರ್ತೀನಿ."

ಸ್ವೆರ್ರೆ ದೀಪ ಆರಿಸಿದ. "ನಾಳೆ ಭಾನುವಾರ. ಬೇಟೆ ಇಲ್ಲ. ನಿಮ್ಮಪ್ಪ ತಪ್ಪಿತು ಅಂದ್ರೆ ತಪ್ಪಿತು ಅಂತಾನೆ ಅರ್ಥ ಸುನ್ನಿವಾ. ನನಗೆ ಬಂದೂಕು ಹಿಡಿಯೋದು ಹೇಳ್ಕೊಟ್ಟಿದ್ದೇ ಅವನು."

"ನಾಯಿಗೆ ಅಭ್ಯಾಸ ಆಗುತ್ತೆ."

"ಅಭ್ಯಾಸಕ್ಕಾದ್ರೆ ಹೋಗು."

ಅವಳು ತಿರುಗಿದಾಗ ಅಪ್ಪ ಅವರಿಬ್ಬರನ್ನೂ ನೋಡುತ್ತಿದ್ದ. ಅವಳ ಕಣ್ಣಿಗೆ ಸಿಕ್ಕ ಕೂಡಲೇ ಗೌತೆಯ ಕಡೆ ತಿರುಗಿ ಏನೋ ಕೇಳಿದ. ಗೌತೆ ಆಗಲೇ ಅದಕ್ಕೆ ಉತ್ತರ ಹೇಳಿ ಮುಗಿಸಿದ್ದ.

ಬೆಳಿಗ್ಗೆ ಏಳಕ್ಕೆ ಅವಳು ಹೊರಗೆ ಬಂದರೆ ಅಪ್ಪ ಅವಳ ಕಾರಿನೊಳಗೆ ಕೂತಿದ್ದ. ಅಂಗಳದ ಆಚೆ ಬದಿಗೆ ಅವನ ಮನೆ. ಯಾವಾಗ ಎದ್ದು ಬಂದನೋ, ಗಾಜಿನ ಒಳಗೆಲ್ಲ ಉಸಿರಿನ ಮಂಜು ಕಟ್ಟಿತ್ತು. ತೊಡೆಯ ಮೇಲೆ ಕಾಫಿಯ ಫ್ಲಾಸ್ಕು. ಬಂದೂಕು ಇರಲಿಲ್ಲ.

"ನಾನೂ ಬರ್ತೀನಿ."

"ಬಂದೂಕೆಲ್ಲಿ?"

"ನಾಯಿಗೆ ಅಭ್ಯಾಸ ಮಾಡ್ಸೋಕೆ ಎರಡು ಬಂದೂಕು ಯಾಕೆ?"

ದಾರಿಯಲ್ಲಿ ಅವನು ಓಸ್ಲೋದಲ್ಲಿರುವ ಅವಳ ತಮ್ಮನ ವಿಷಯ ಎತ್ತಿದ, ಅರ್ಧಕ್ಕೆ ಬಿಟ್ಟ. ಚಳಿಗಾಲದ ಟೈರು ಯಾವಾಗ ಹಾಕಿಸುತ್ತೀ ಎಂದು ಕೇಳಿದ. ಅವಳು ಹೇಳಿದಳು. ಐದು ನಿಮಿಷದ ಮೇಲೆ ಅದನ್ನೇ ಮತ್ತೆ ಕೇಳಿದ. ಅಪ್ಪ ಸುಳ್ಳು ಹೇಳಿದ್ದಾನೆ ಎಂದು ಅನುಮಾನಿಸುವುದು ಒಂದು. ಅದನ್ನು ಬಾಯಿಬಿಟ್ಟು ಕೇಳುವುದು ಇನ್ನೊಂದು. ಅನುಮಾನ ತಪ್ಪಾಗಿದ್ದರೆ ಆ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ಅನುಮಾನ ನಿಜವಾಗಿದ್ದರೆ ಈ ಹೊತ್ತಿಗೆ ಎಲ್ಲೋ ಒಂದು ಪ್ರಾಣಿ ಹದಿನಾರು ಗಂಟೆಯಿಂದ ಗಾಯ ಹೊತ್ತು ನಿಂತಿದೆ. ಅವಳ ಕಾಲು ತಾನಾಗಿ ವೇಗ ಹೆಚ್ಚಿಸಿತು.

ಜೌಗಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಹುಲ್ಲೆಲ್ಲ ಬೂದಿ ಬಣ್ಣಕ್ಕೆ ತಿರುಗಿತ್ತು. ಅಪ್ಪ ಕಾವಲಿಗೆ ಕೂರುವ ಹಲಗೆ ಈಚೆ ಅಂಚಿನಲ್ಲಿದೆ, ಒಣಗಿದ ಬರ್ಚ್ ಮರ ಜೌಗಿನ ನಡುವೆ. ಅಪ್ಪನನ್ನು ಹಲಗೆಯ ಹತ್ತಿರ ಬಿಟ್ಟು ಅವಳು ಬಿರ್ಕಾಳ ಉದ್ದನೆಯ ಹಗ್ಗ ಹಿಡಿದು ಮರದ ತನಕ ನಡೆದಳು. ಬೂದು ಬಣ್ಣದ ನಾಯಿ ಮರವನ್ನು ಒಂದು ಸುತ್ತು ಬಂತು, ನೆಲ ಮೂಸಿತು, ಮೇಲೆ ನೋಡಿತು. ಮತ್ತೊಂದು ಸುತ್ತು, ಅಗಲವಾಗಿ. ಏನೂ ಇಲ್ಲ. ಅದು ಕೂತು ಕಿವಿ ಕೆರೆದುಕೊಂಡಿತು.

"ಇಲ್ಲೇನಾ?" ಎಂದು ಅವಳು ಕೂಗಿದಳು.

ಅಪ್ಪ ಕೈ ಎತ್ತಿದ. ಹೌದು ಎಂದೋ ಅಲ್ಲ ಎಂದೋ ತಿಳಿಯದ ಹಾಗೆ ಎತ್ತಿ ಇಳಿಸಿದ.

ಸುನ್ನಿವಾ ಅವನನ್ನೇ ನೋಡುತ್ತಾ ನಿಂತಳು. ಅಪ್ಪ ಅವಳನ್ನು ನೋಡುತ್ತಿರಲಿಲ್ಲ, ನಾಯಿಯನ್ನೂ ನೋಡುತ್ತಿರಲಿಲ್ಲ. ಅವನ ಮುಖ ಅವಳ ಭುಜದ ಮೇಲಿಂದ ದೂರಕ್ಕೆ, ಜೌಗಿನ ಆಚೆ ಅಂಚಿನ ಕಡೆಗಿತ್ತು. ಅವಳು ನಿಧಾನವಾಗಿ ತಿರುಗಿದಳು. ಅಲ್ಲಿ ಎರಡು ಸ್ಪ್ರೂಸ್ ಮರಗಳು ಒಂದಕ್ಕೊಂದು ಒರಗಿ ನಿಂತಿದ್ದವು.

ಅವಳು ಏನೂ ಹೇಳದೆ ಆ ಕಡೆ ನಡೆದಳು. ಹಿಂದಿನಿಂದ ಜೌಗು ಹೀರುವ ಬೂಟಿನ ಸದ್ದು ಬಂತು. ಅಪ್ಪ ಅವಳನ್ನು ಹಿಡಿಯಲು ಬೇಗಬೇಗ ಬರುತ್ತಿದ್ದ. ಮರಗಳಿಗೆ ಇನ್ನೂ ಹತ್ತು ಹೆಜ್ಜೆ ಇರುವಾಗ ಅವನ ದನಿ ಕೇಳಿಸಿತು.

"ಎಡಗಡೆ. ಜೋಡಿ ಮರದ ಎಡಗಡೆ ನಿಂತಿತ್ತು."

ಬಿರ್ಕಾ ಆಗಲೇ ಮೂಗು ನೆಲಕ್ಕೆ ಒತ್ತಿ ಬಾಲ ಬಿಗಿ ಮಾಡಿದ್ದಳು. ಪಾಚಿಯ ಮೇಲೆ ಒರಟು ಕಂದು ಕೂದಲಿನ ಎಳೆಗಳು, ಅದರ ಪಕ್ಕ ಉಗುರಿನಷ್ಟು ದೊಡ್ಡ ಬಿಳಿ ಚೂರು. ಸುನ್ನಿವಾ ಕೈಗವಸು ಕಳಚಿ ಅದನ್ನು ಎತ್ತಿಕೊಂಡಳು. ಮೂಳೆ. ಅಂಚು ಚೂಪಾಗಿತ್ತು.

"ಎಷ್ಟು ದೂರ?"

"ನೂರ ನಲವತ್ತು."

"ತಾಗಿದ್ದು ಗೊತ್ತಿತ್ತಾ ನಿನಗೆ?"

ಅಪ್ಪ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಮುಂಗಾಲು ಜೋತಾಡ್ತು."

"ರಾತ್ರಿಯೆಲ್ಲ, ಅಪ್ಪ."

"ಗೊತ್ತು."

"ಅವರನ್ನ ಬರ್ಚ್ ಮರದ ಹತ್ರ ಹುಡುಕೋಕೆ ಬಿಟ್ಟೆ. ಇಪ್ಪತ್ತು ನಿಮಿಷ ಹುಡುಕಿದಾರೆ ಅವರು. ಆಮೇಲೆ ಕೇಕು ತಿನ್ನಿಸ್ದೆ."

"ಗೊತ್ತು ಅಂದ್ನಲ್ಲ."

ಅವಳಿಗೆ ಅವನನ್ನು ಹಿಡಿದು ಅಲ್ಲಾಡಿಸಬೇಕೆನಿಸಿತು, ಅದೇ ಗಳಿಗೆಯಲ್ಲಿ ಅವನ ಕುತ್ತಿಗೆಯ ಬಟ್ಟೆ ಸರಿಮಾಡಬೇಕೆಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ.

"ಮೂವತ್ತು ವರ್ಷ ಅದೇ ಹಲಗೆ ಮೇಲಿಂದ ಅದೇ ಮರದ ಹತ್ರಕ್ಕೆ ಹೊಡ್ದಿದೀನಿ," ಎಂದ ಅಪ್ಪ. "ಅದು ಬಂದು ಅಡ್ಡಡ್ಡ ನಿಂತ್ಕೊಳ್ತು. ಕೈ ಬಂದೂಕು ಎತ್ತಿತು. ಈ ಎಂಬತ್ತು ಅನ್ನೋದು ನೆನಪಾಗಿದ್ದೇ ಗುಂಡು ಹೋದ್ಮೇಲೆ."

ಅದನ್ನು ಅವಳು ನಂಬಿದಳು. ಅದಕ್ಕೇ ಅವಳಿಗೆ ಇನ್ನೂ ಹೆದರಿಕೆಯಾಯಿತು.

ಅವಳು ರೇಡಿಯೋದ ಗುಂಡಿ ಒತ್ತಿದಳು. "ಸ್ವೆರ್ರೆ, ಸುನ್ನಿವಾ. ಮೂಳೆ ಸಿಕ್ಕಿದೆ. ಗಾಯ ಆಗಿದೆ. ಜಾಡು ಹಿಡೀತಿದೀನಿ, ಪೂರ್ವಕ್ಕೆ, ಹೊಳೆ ಕಡೆ."

ರೇಡಿಯೋ ಸರಪರ ಎಂದಿತು. ಆಮೇಲೆ ಸ್ವೆರ್ರೆ: "ಬರ್ಚ್ ಹತ್ರ ಏನೂ ಇರ್ಲಿಲ್ವಲ್ಲ. ಎಲ್ಲಿ ಸಿಕ್ತು ಅದು?"

ಅಪ್ಪ ನೆಲ ನೋಡುತ್ತಿದ್ದ.

"ಆಮೇಲೆ ಹೇಳ್ತೀನಿ," ಎಂದಳು ಅವಳು.

"ಸರಿ. ಹೊಳೆ ದಾಟೋಕೆ ಬಿಡ್ಬೇಡ. ಆಚೆ ಕಾಡು ನಮ್ದಲ್ಲ, ಆ ತಂಡದವರನ್ನ ಹುಡುಕಿ ಒಪ್ಪಿಗೆ ತಗೊಳೋ ಹೊತ್ತಿಗೆ ಮಧ್ಯಾಹ್ನ ಆಗುತ್ತೆ. ನಾನೂ ಗೌತೆಯೂ ಹೊರಟ್ವಿ, ಒಂದು ಗಂಟೆ ಬೇಕು."

ಜಾಡು ಮೊದಲು ಸುಲಭವಾಗಿತ್ತು. ನಾಯಿ ಹಗ್ಗ ಬಿಗಿಯಾಗಿ ಎಳೆಯುತ್ತಾ ಸಾಗಿತು. ಎಡಕ್ಕೆ, ಗಿಡ್ಡ ಲಿಂಗೊನ್ ಹಣ್ಣಿನ ಗಿಡಗಳ ಎಲೆಯ ಮೇಲೆ ಒಣಗಿ ಕಪ್ಪಾದ ರಕ್ತ. ಒಂದು ಕಡೆ ಮೂಸ್ ಮಲಗಿದ್ದ ಗುಂಡಿ ಇತ್ತು, ಅದರೊಳಗೆ ಇಬ್ಬನಿ ಬಿದ್ದಿತ್ತು. ರಾತ್ರಿಯೇ ಎದ್ದು ಹೋಗಿದೆ. ಇನ್ನೂ ಅರ್ಧ ಗಂಟೆ ನಡೆದ ಮೇಲೆ ಎರಡನೆಯ ಗುಂಡಿ. ಅಪ್ಪ ಮೊಣಕಾಲೂರಿ ಅದರೊಳಗೆ ಅಂಗೈ ಇಟ್ಟ.

"ಇಬ್ಬನಿ ಇಲ್ಲ," ಎಂದು ಪಿಸುಗುಟ್ಟಿದ. "ಇನ್ನೂ ಬಿಸಿ ಇದೆ. ನಾವು ಬರೋದು ಕೇಳಿ ಎದ್ದಿದೆ."

ಜಾಡು ಓದುವುದರಲ್ಲಿ ಅವನ ಕಣ್ಣಿಗೆ ಇನ್ನೂ ವಯಸ್ಸಾಗಿರಲಿಲ್ಲ. ಮುರಿದ ಕಾಲು ಎಳೆದ ಗೆರೆಯನ್ನು ಅವಳಿಗಿಂತ ಮೊದಲು ಅವನೇ ಕಾಣುತ್ತಿದ್ದ. ಒಂದೊಂದು ಗೆರೆಯ ಹತ್ತಿರವೂ ಒಂದು ಕ್ಷಣ ನಿಂತು ಮುಂದೆ ಹೋಗುತ್ತಿದ್ದ. ಅವಳು ರೇಡಿಯೋದ ದನಿ ಇಳಿಸಿದಳು. ಈಗಿಂದ ಒಂದು ಕಡ್ಡಿ ಮುರಿದರೂ ಕೆಟ್ಟಿತು.

ಕಾಡು ಮುಗಿದು ಇಳಿಜಾರು ಹುಲ್ಲು ಶುರುವಾಗುವಲ್ಲಿ ಬಿರ್ಕಾ ನಿಂತಳು. ಸುನ್ನಿವಾ ಹೊಟ್ಟೆಯ ಮೇಲೆ ಮಲಗಿ ದುರ್ಬೀನು ಹಿಡಿದಳು. ಕೆಳಗೆ ಹೊಳೆ. ಈಚೆ ದಡದ ಪೊದೆಗಳ ಪಕ್ಕ ಗಂಡು ಮೂಸ್ ನಿಂತಿತ್ತು, ಕುದುರೆಗಿಂತ ಎತ್ತರ, ಕೊಂಬು ತೆರೆದ ಎರಡು ಅಂಗೈಯ ಹಾಗೆ. ಎಡ ಮುಂಗಾಲನ್ನು ಅದು ನೆಲಕ್ಕೆ ಊರಿರಲಿಲ್ಲ. ನೀರಿನ ಕಡೆ ನೋಡುತ್ತಿತ್ತು. ಗಾಳಿ ಹೊಳೆಯಿಂದ ಇವರ ಕಡೆಗೆ ಬೀಸುತ್ತಿತ್ತು, ಅಷ್ಟರ ಮಟ್ಟಿಗೆ ಒಳ್ಳೆಯದು.

ಅಪ್ಪ ಅವಳ ಪಕ್ಕಕ್ಕೆ ತೆವಳಿ ಬಂದ.

"ಎಷ್ಟು?" ಎಂದಳು.

"ನೂರು."

"ನೂರಿಪ್ಪತ್ತು ಇದೆ ಅಪ್ಪ."

"ನೂರಿಪ್ಪತ್ತು ಅಂತಾನೇ ಇಟ್ಕೋ. ಹೊಡಿ. ಚೀಲದ ಮೇಲೆ ಬಂದೂಕಿಟ್ಟು ಮಲಗಿ ಹೊಡೆದ್ರೆ ನಿಂತು ಹೊಡೆದ ಹಾಗಲ್ಲ. ಗಾಯ ಆಗಿರೋದಕ್ಕೆ ತಟ್ಟೆ ಲೆಕ್ಕ ಇಲ್ಲ."

ಅದು ಸುಳ್ಳಲ್ಲ. ಗಾಯಗೊಂಡ ಪ್ರಾಣಿಯನ್ನು ಮುಗಿಸಲು ಅಂಕಿ ಮೀರಬಹುದು ಎಂದು ತಂಡ ಒಪ್ಪಿಕೊಂಡಿತ್ತು. ಅವಳು ಬೆನ್ನಿನ ಚೀಲ ಮುಂದಿಟ್ಟು ಅದರ ಮೇಲೆ ಬಂದೂಕು ಒರಗಿಸಿದಳು, ಕಣ್ಣನ್ನು ಬಂದೂಕಿನ ದುರ್ಬೀನಿಗೆ ತಂದಳು. ಗೀಟುಗಳು ಕೂಡುವ ಜಾಗ ಮೂಸ್‌ನ ಭುಜದ ಹಿಂದೆ ನಿಂತಿತು. ಅವಳ ಎದೆ ಬಡಿಯಿತು, ಗೀಟು ಅದರ ಹೊಟ್ಟೆಗೆ ಹಾರಿತು. ಮತ್ತೆ ಭುಜ. ಮತ್ತೆ ಹೊಟ್ಟೆ. ಉಸಿರು ಹಿಡಿದಳು. ಭುಜ, ಹೊಟ್ಟೆ, ಭುಜದ ಮೇಲಿನ ಬರೀ ಗಾಳಿ. ಹತ್ತು ಬಡಿತ ನೋಡಿದಳು. ನಾಲ್ಕು ಸರಿಯಾದ ಜಾಗದಲ್ಲಿದ್ದವು. ಉಳಿದ ಆರರಲ್ಲಿ ಒಂದಕ್ಕೆ ಬೆರಳು ಒತ್ತಿದರೆ ಮುರಿದ ಕಾಲಿನ ಜೊತೆಗೆ ಹರಿದ ಹೊಟ್ಟೆ ಹೊತ್ತು ಅದು ನೀರಿಗೆ ಇಳಿಯುತ್ತದೆ.

ಅವಳು ಟ್ರಿಗರಿನಿಂದ ಬೆರಳು ತೆಗೆದಳು.

"ಏನಾಯ್ತು?"

"ನನ್ನ ಕೈಲಿ ಆಗಲ್ಲ."

"ಹಂಗಾದ್ರೆ ಇಲ್ಲಿ ಕೊಡು."

ಅವನ ಕೈ ಆಗಲೇ ಬಂದೂಕಿನ ಹಿಡಿಯ ಮೇಲಿತ್ತು. ಆ ಕೈ ಅವಳಿಗೆ ಎಂಟು ವರ್ಷವಾಗಿದ್ದಾಗ ಅವಳ ಕೈಯ ಮೇಲೆ ಕೂತು ಗುರಿ ಹಿಡಿಯುವುದನ್ನು ಕಲಿಸಿತ್ತು. ಅವನ ಕಣ್ಣಲ್ಲಿ ಬೇಡುವ ಹಾಗೆ ಏನೋ ಇತ್ತು. ತಾನು ಮಾಡಿದ್ದನ್ನು ತಾನೇ ಸರಿಮಾಡಲು ಬಿಡು ಎಂದು ಕೇಳುತ್ತಿದ್ದಾನೆ ಎಂದು ಅವಳಿಗೆ ಅರ್ಥವಾಯಿತು. ಕೊಟ್ಟುಬಿಡುವುದು ಎಷ್ಟು ಸುಲಭವಾಗಿತ್ತು. ತಗುಲಿದರೆ ಅಪ್ಪ ಉಳಿದ. ತಗುಲದಿದ್ದರೆ ತಪ್ಪು ತನ್ನದಲ್ಲ.

"ಬೇಡ ಅಪ್ಪ."

"ಸುನ್ನಿವಾ. ಅದು ನೀರಿಗಿಳಿದ್ರೆ ಮುಗೀತು."

"ನಾಯೀನ ಹಿಡ್ಕೋ."

ಅವನು ಕೈ ತೆಗೆಯಲಿಲ್ಲ. ಅವಳೂ ಎಳೆಯಲಿಲ್ಲ. ಇಬ್ಬರೂ ಒಂದು ಬಂದೂಕು ಹಿಡಿದು ಹುಲ್ಲಿನ ಮೇಲೆ ಹಾಗೇ ಮಲಗಿದ್ದರು. ಕೆಳಗೆ ಮೂಸ್ ಒಂದು ಹೆಜ್ಜೆ ನೀರಿನ ಕಡೆ ಇಟ್ಟಿತು; ಮೂರು ಕಾಲಿನ ಮೇಲೆ ಕುಂಟಿ, ತಲೆ ತಗ್ಗಿಸಿ, ಮತ್ತೆ ನಿಂತಿತು. ಆಮೇಲೆ ನಿಧಾನವಾಗಿ ಹಿಂಗಾಲು ಮಡಚಿ ಪೊದೆಯ ಬುಡದಲ್ಲಿ ಮಲಗಿತು.

ಅಪ್ಪನ ಕೈ ಸಡಿಲವಾಯಿತು. ಅವನು ಬಿರ್ಕಾಳ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡ.

"ತಕ್ಷಣ ಹೋಗ್ಬೇಡ," ಎಂದ. ಅವಳು ಚಿಕ್ಕವಳಿದ್ದಾಗ ಮಾತಾಡುತ್ತಿದ್ದ ದನಿ ಅದು. "ಅದರ ಕಾಲು ಮರಗಟ್ಲಿ. ಅರ್ಧ ಗಂಟೆ."

ಆ ಅರ್ಧ ಗಂಟೆ ಅವಳು ಗಡಿಯಾರ ನೋಡಬಾರದೆಂದು ಮಾಡಿಕೊಂಡ ನಿಶ್ಚಯ ಎರಡು ನಿಮಿಷ ನಿಂತಿತು. ಪೊದೆಯ ಮೇಲೆ ಕೊಂಬಿನ ತುದಿ ಕಾಣುತ್ತಿತ್ತು. ಅದು ಅಲ್ಲಾಡಿದಾಗಲೆಲ್ಲ ಅವಳು ಬಂದೂಕಿಗೆ ಕೈ ಹಾಕಿದಳು. ಎದ್ದುಬಿಟ್ಟರೆ? ಆಗಲೇ ಹೊಡೆಯಬೇಕಿತ್ತೇ? ಸ್ವೆರ್ರೆಯ ಗಾಡಿಯ ಸದ್ದಿಗೆ ಹೆದರಿದರೆ? ರೇಡಿಯೋದಲ್ಲಿ ಪಿಸುಮಾತಿನಲ್ಲಿ ರಸ್ತೆಯಲ್ಲೇ ನಿಲ್ಲಿ ಎಂದಳು. ಗೌತೆಯೂ ಪಿಸುಮಾತಿನಲ್ಲೇ ಆಗಲಿ ಎಂದ. ಅವನು ತಮಾಷೆ ಮಾಡದೆ ಮಾತಾಡಿದ್ದನ್ನು ಅವಳು ಕೇಳಿದ್ದು ಅಪರೂಪ. ಅಪ್ಪ ಕಾಫಿ ಸುರಿಯಲಿಲ್ಲ. ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸುತ್ತಾ, ಬಿಗಿಮಾಡುತ್ತಾ, ಮತ್ತೆ ತಿರುಗಿಸುತ್ತಾ ಕೂತಿದ್ದ. ಸದ್ದಾಗದ ಹಾಗೆ ಅವಳು ಆ ಕೈಯ ಮೇಲೆ ಕೈ ಇಟ್ಟಳು.

ಇಪ್ಪತ್ತಾರನೆಯ ನಿಮಿಷಕ್ಕೆ ಹೊರಟಳು.

ಮಳೆನೀರು ಕೊರೆದ ಚರಂಡಿಯೊಂದು ಇಳಿಜಾರಿನುದ್ದಕ್ಕೆ ಹೊಳೆಯ ತನಕ ಹೋಗುತ್ತಿತ್ತು. ಅದರೊಳಗೆ ಮೊಣಕೈ, ಮೊಣಕಾಲ ಮೇಲೆ ತೆವಳಿದಳು. ತಣ್ಣನೆಯ ಕೆಸರು ತೋಳಿನೊಳಗೆ ನುಗ್ಗಿತು. ಚರಂಡಿಯೊಳಗಿಂದ ಮೂಸ್ ಕಾಣುತ್ತಿರಲಿಲ್ಲ, ಅದೇ ದೊಡ್ಡ ಸಂಕಟ. ತಾನು ತೆವಳುತ್ತಿರುವುದು ಖಾಲಿ ಪೊದೆಯ ಕಡೆಗೋ ಏನೋ. ಮೂರು ಸಲ ತಲೆ ಎತ್ತಬೇಕೆನಿಸಿ, ಮೂರು ಸಲವೂ ಕೆಸರಿಗೆ ಮುಖ ಒತ್ತಿದಳು. ಹೆಜ್ಜೆ ಲೆಕ್ಕವಿಲ್ಲದ್ದರಿಂದ ಮಾರು ಲೆಕ್ಕ ಹಾಕಿದಳು. ನಲವತ್ತು ಮಾರು. ಐವತ್ತು.

ಐವತ್ತೆರಡಕ್ಕೆ ಕಡ್ಡಿ ಮುರಿಯಿತು.

ಎದುರಿಗೆ ಭಾರಿ ದೇಹವೊಂದು ಎದ್ದ ಸದ್ದು. ಅವಳು ಒಂದು ಮೊಣಕಾಲ ಮೇಲೆ ಎದ್ದಳು. ಗಂಡು ಮೂಸ್ ಮೂವತ್ತು ಮೀಟರ್ ದೂರದಲ್ಲಿ ಅಡ್ಡಡ್ಡ ನಿಂತು ತಲೆ ಹೊರಳಿಸಿ ಅವಳನ್ನೇ ನೋಡುತ್ತಿತ್ತು. ಅದರ ಮೂಗಿನಿಂದ ಹಬೆ ಬರುತ್ತಿತ್ತು. ಎಡಗಾಲು ಮಂಡಿಯ ಮೇಲೆ ತಿರುಚಿಕೊಂಡು ತೂಗಾಡುತ್ತಿತ್ತು, ಅದು ತನ್ನದೇ ಅಲ್ಲವೆಂಬ ಹಾಗೆ. ಎದೆ ಈಗಲೂ ಬಡಿಯುತ್ತಿತ್ತು, ಆದರೆ ಈ ದೂರಕ್ಕೆ ಆ ಬಡಿತವೆಲ್ಲ ಭುಜದ ಹಿಂದಿನ ಒಂದು ಅಂಗೈಯಗಲದೊಳಗೇ ಮುಗಿಯುತ್ತಿತ್ತು. ಅವಳು ಅದನ್ನು ಕಂಡಳು, ಒತ್ತಿದಳು.

ಅದು ಮೂರು ಕಾಲಲ್ಲಿ ಹದಿನೈದು ಹೆಜ್ಜೆ ಓಡಿತು. ನೀರಿನ ಅಂಚಿಗೆ ಬಂದು ಏನೋ ಮರೆತವರಂತೆ ನಿಂತು, ಪಕ್ಕಕ್ಕೆ ಬಿತ್ತು. ಕೊಂಬಿನ ಒಂದು ಬದಿ ಹೊಳೆಯೊಳಗೆ ಮುಳುಗಿತು. ಹರಿಯುವ ನೀರು ಅದನ್ನು ಸುತ್ತಿಕೊಂಡು ಮುಂದೆ ಹೋಯಿತು.

ಇನ್ನೊಂದು ತೋಟಾ ಏರಿಸಿ ಐದು ನಿಮಿಷ ಕಾದಳು. ಹಿಂದಿನಿಂದ ಬಳಸಿ ಬಂದು ಕೋಲಿನಿಂದ ಕಣ್ಣು ಮುಟ್ಟಿದಳು. ರೆಪ್ಪೆ ಅಲ್ಲಾಡಲಿಲ್ಲ.

ಆಗ ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅಪ್ಪ ನಾಯಿ ಹಿಡಿದು ಇಳಿಜಾರಿನಲ್ಲಿ ಬರುತ್ತಿದ್ದ, ಎರಡು ಕಡೆ ಜಾರಿದ. ಅವಳು ಕೈ ನೀಡಲು ಹೋಗಲಿಲ್ಲ; ಹೋದರೆ ಅವನು ಬೇಡ ಅನ್ನುತ್ತಿದ್ದ.

ಹಾಲ್ದೋರ್ ಮೊದಲು ಅವಳ ಗುಂಡು ಹೊಕ್ಕ ಜಾಗ ನೋಡಿದ, ತಲೆಯಾಡಿಸಿದ. ಆಮೇಲೆ ಕೂತು ಎಡ ಮುಂಗಾಲನ್ನು ಎರಡು ಕೈಯಲ್ಲಿ ಎತ್ತಿ ಹಿಡಿದ. ಮೂಳೆಯ ತುದಿ ಚರ್ಮ ಹರಿದು ಹೊರಗೆ ಬಂದಿತ್ತು, ಮಣ್ಣು ಮೆತ್ತಿತ್ತು. ರಾತ್ರಿಯೆಲ್ಲ ಅದು ನೆಲಕ್ಕೆ ತಾಗಿ ತಾಗಿ ಸವೆದಿತ್ತು. ಅವನು ಬೆರಳಿನಿಂದ ಆ ಮಣ್ಣು ತೆಗೆಯುತ್ತಾ ಹೋದ, ಚೂರೂ ಉಳಿಯದ ಹಾಗೆ. ಬಿರ್ಕಾ ಬಂದು ಮೂಸಿದರೆ ಮೊಣಕೈಯಿಂದ ಮೆಲ್ಲಗೆ ದೂಡಿದ.

ರೇಡಿಯೋ ಸರಪರ ಎಂದಿತು. ಗೌತೆ. "ಗುಂಡಿನ ಸದ್ದು ಕೇಳಿಸ್ತು. ಬಿತ್ತಾ?"

"ಬಿತ್ತು," ಎಂದಳು ಸುನ್ನಿವಾ. "ಈಚೆ ದಡದಲ್ಲೇ."

"ಅಬ್ಬ. ಎಲ್ಲಿ ತಾಗಿತ್ತು ನಿನ್ನೆ ಗುಂಡು? ಹಾಲ್ದೋರ್ ಕೊಂಬೆ ಅಂತಿದ್ನಲ್ಲ, ಎಂಥ ಕೊಂಬೆ ಮಾರಾಯ್ತಿ ಅದು, ಗುಂಡನ್ನ ಇಷ್ಟು ದೂರ ಕಳ್ಸಿದ್ದು?"

ಅವಳು ಉತ್ತರ ಹುಡುಕುತ್ತಿದ್ದಳು. ನಾನು ಹೇಳಲೇ, ಬೇಡವೇ. ಹೇಳಿದರೆ ಅಪ್ಪನ ಮಾತನ್ನು ನಾನು ಕಸಿದ ಹಾಗೆ. ಹೇಳದಿದ್ದರೆ ಇದೂ ಇನ್ನೊಂದು ಕೇಕು. ಗುಂಡಿ ಒತ್ತಿದಳು, ಬಿಟ್ಟಳು. ಅಷ್ಟರಲ್ಲಿ ಅಪ್ಪ ಕೈ ಚಾಚಿದ್ದ. ಈ ಸಲ ಆ ಕೈಯಲ್ಲಿ ಬೇಡುವುದೇನೂ ಇರಲಿಲ್ಲ. ಅವಳು ರೇಡಿಯೋ ಕೊಟ್ಟಳು.

"ಹಾಲ್ದೋರ್ ಮಾತಾಡ್ತಿರೋದು," ಎಂದ ಅವನು. ಮಾತನ್ನು ತಂಡದ ಎಲ್ಲರೂ ಕೇಳುತ್ತಿರುತ್ತಾರೆ, ಅಡಿಗೆಮನೆಗಳಲ್ಲಿ ಭಾನುವಾರದ ಕಾಫಿಯ ಪಕ್ಕ ರೇಡಿಯೋ ಇಟ್ಟುಕೊಂಡು. ಅದು ಅವನಿಗೆ ಗೊತ್ತಿತ್ತು. "ಕೊಂಬೆ ಇರ್ಲಿಲ್ಲ. ಅದು ನಿಂತಿದ್ದು ಜೋಡಿ ಸ್ಪ್ರೂಸ್ ಹತ್ರ, ನೂರ ನಲವತ್ತು ಮೀಟರ್. ಎಂಬತ್ತು ಅಂತ ನಾನು ಸುಳ್ಳು ಹೇಳ್ದೆ. ಕಾಲು ಮುರಿದಿದ್ದನ್ನ ಕಣ್ಣಾರೆ ನೋಡ್ದೆ. ನೋಡಿನೂ ಹೇಳ್ಲಿಲ್ಲ. ರಾತ್ರಿಯೆಲ್ಲ ಅದು..." ಅವನು ಆ ಮುರಿದ ಕಾಲಿನ ಕಡೆ ನೋಡಿದ. "ಅಷ್ಟೇ."

ಹೊಳೆಯ ಸದ್ದು ಮಾತ್ರ. ಅಪ್ಪ ರೇಡಿಯೋವನ್ನು ಮುಖದ ಮುಂದೆ ಹಿಡಿದು ಕಾಯುತ್ತಿದ್ದ. ಕಾಯುತ್ತಾ ಕಾಯುತ್ತಾ ಅವನ ಮುಖ ಬಿಳಿಚುತ್ತಾ ಹೋಯಿತು. ಸುನ್ನಿವಾ ನೋಡಿದಳು: ಅವನ ಹೆಬ್ಬೆರಳು ಇನ್ನೂ ಗುಂಡಿಯನ್ನು ಒತ್ತಿ ಹಿಡಿದಿತ್ತು, ಉಗುರು ಬಿಳಿಯಾಗುವಷ್ಟು. ಹಾಗೆ ಹಿಡಿದಿರುವ ತನಕ ಅತ್ತ ಕಡೆಯ ಮಾತು ಒಂದೂ ಇತ್ತ ಕೇಳಿಸುವುದಿಲ್ಲ.

ಅವಳು ಆ ಹೆಬ್ಬೆರಳನ್ನು ಮೆಲ್ಲಗೆ ಎತ್ತಿದಳು.

ಸ್ವೆರ್ರೆಯ ಮಾತು ನಡುವಿನಿಂದ ಕೇಳಿಸಿತು. "...ಬಂದೂಕು ಇವತ್ತೇ ನನ್ನ ಹತ್ರ ಕೊಡ್ಬೇಕಾಗುತ್ತೆ. ನಿನಗೆ ಗೊತ್ತೇ ಇದೆ. ಹಾಲ್ದೋರ್, ಕೇಳಿಸ್ತಿದೆಯಾ?"

"ಕೇಳಿಸ್ತು. ಸಂಜೆ ತಂದುಕೊಡ್ತೀನಿ."

"ಸರಿ." ಸ್ವೆರ್ರೆ ಮುಂದುವರಿಸಿದ. "ಟ್ರ್ಯಾಕ್ಟರ್ ಎಲ್ಲೀವರೆಗೆ ತರ್ಲಿ?"

ಹಾಲ್ದೋರ್ ಎದ್ದು ನಿಂತು ದಡದ ಉದ್ದಕ್ಕೂ ಕಣ್ಣಾಡಿಸಿದ, ಕಣ್ಣು ಒರೆಸಿಕೊಂಡು ಮತ್ತೊಮ್ಮೆ ನೋಡಿದ.

"ಹಳೇ ದೋಣಿ ಶೆಡ್ಡಿನವರೆಗೆ ತಾ," ಎಂದ. "ಅಲ್ಲಿಂದ ಈಚೆ ಬರ್ಬೇಡ, ಹೂತ್ಕೊಳ್ಳುತ್ತೆ. ಉದ್ದದ ಹಗ್ಗ ತಾ."